ಗೇರು ಹಾಕುವ ಮರ್ವ್ ಟ್ರೆಲೋರ್
ಡಬ್ಬೊ ಊರಿನ ನಮ್ಮ ಷೋರೂಮಿಗೆ ಹೊಸ ಪಿಕಪ್ ಬಂತೆಂದರೆ ಕುರಿ ಸಾಕುವ ಮರ್ವ್ ಟ್ರೆಲೋರ್ ಮರುದಿನವೇ ಬಂದು ಅದನ್ನು ಓಡಿಸಿ ಬಯ್ಯಬೇಕು. ಮೊದಲು ನಾಯಿಯನ್ನು ಹಿಂದೆ ಹತ್ತಿಸುತ್ತಾನೆ. ಅದು ಒಪ್ಪಿ ಕೂತರೆ ಮಾತ್ರ ತಾನು ಕೂರುತ್ತಾನೆ. "ಮೊಣಕಾಲು ಹೋಗಿದೆಯಲ್ಲೋ ಮುದುಕಾ, ಗೇರು ತಾನಾಗೇ ಬೀಳೋ ಆಟೊಮ್ಯಾಟಿಕ್ ತಗೊಳ್ಳೋ" ಎಂದು ನಾನಂದರೆ, "ಅದು ಗಾಡಿಯೇನೋ? ಸೋಫಾ! ಗೇರು ಹಾಕಕ್ಕಾಗದ ದಿನ ಓಡಿಸೋದೇ ಬಿಡ್ತೀನಿ" ಎಂದು ಗದರುತ್ತಾನೆ. ನನಗೂ ಸಿಟ್ಟು ನೆತ್ತಿಗೇರಿ ದಾರಿಯುದ್ದಕ್ಕೂ ಜಗಳ. ಈ ಸಲ ರೈಲು ಗೇಟಿನ ಏರಿನಲ್ಲಿ ನಿಂತು ಮತ್ತೆ ಹೊರಡಬೇಕಾಯಿತು. ಅವನ ಕಾಲಿಗೆ ಕ್ಲಚ್ಚು ಬಗ್ಗದೆ, ಎಡಗೈಯಿಂದ ಮೊಣಕಾಲನ್ನು ಅದುಮಿ ಹಿಡಿದಿದ್ದ. ಬಲಗೈ ಸ್ಟೀರಿಂಗಿನ ಮೇಲೆ; ಗೇರು ಹಾಕಲು ಕೈ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ನಾನು ಕಿಟಕಿಯಾಚೆ ನೋಡುತ್ತಲೇ ಗೇರು ಹಾಕಿದೆ. ಏರು ದಾಟಿದ ಮೇಲೆ, "ಈ ಗೇರು ಪರವಾಗಿಲ್ಲ ಕಣೋ, ತಾನಾಗೇ ಬೀಳತ್ತೆ" ಎಂದ.