ಆರುನೂರು ಗಜದಾಚೆಯ ಪೂರಿ

"ಥೂ, ಮತ್ತೆ ಬಲಕ್ಕೇ ಹೋಯ್ತು!" ಎಂದು ನಾನು ಗೊಣಗಿದ್ದೇ ತಡ, ಬೆನ್ನ ಹಿಂದಿನಿಂದ ಅಚ್ಚ ಕನ್ನಡದ ದನಿ ಬಂತು. "ಅಷ್ಟು ಬಿಗಿಯಾಗಿ ಯಾಕಮ್ಮ ಹಿಡ್ಕೊಂಡಿದ್ದೀಯ?"

ಅಮೆರಿಕದ ಕ್ಯಾರಿ ಊರಿನ ಆಚೆಗಿನ ಶೂಟಿಂಗ್ ರೇಂಜ್‌ನಲ್ಲಿ ಕನ್ನಡ ಕೇಳಿ ಬೆಚ್ಚಿ ತಿರುಗಿದೆ. ಪಕ್ಕದ ಬೆಂಚಿನ ಹಿರಿಯರು ಮೈಸೂರಿನ ನಿವೃತ್ತ ಡಾಕ್ಟರಂತೆ. ರೈಫಲನ್ನು ಮರಳಿನ ಚೀಲಗಳ ಮೇಲಿಟ್ಟು ಆರುನೂರು ಗಜ ದೂರದ ಗುರಿಗೆ ಹೊಡೆಯುವ ಬೆಂಚ್‌ರೆಸ್ಟ್ ಕಲಿಯಲು ನಾನು ಬಂದಿದ್ದೆ. ನನ್ನ ಗುಂಡುಗಳು ಮಸಾಲೆ ದೋಸೆಯಗಲಕ್ಕೆ ಚೆದುರಿದ್ದವು. ಜಿಂಕೆ ಬೇಟೆಯ ಈ ಹಳೇ ರೈಫಲ್ ಆಗುವುದಿಲ್ಲ, ಹೊಸದು ತಗೊಳ್ಳಿ ಎಂದು ಎಲ್ಲರೂ ಹೇಳಿದ್ದರು. ನಾನು ಒಪ್ಪಿರಲಿಲ್ಲ.

"ಅಂಕಲ್, ನಾನು ಕೊಡಗಿನವಳು. ಭುಜಕ್ಕೆ ಒತ್ತಿ ಹಿಡೀಬೇಕು ಅಂತಾನೇ ಕಲ್ತಿದ್ದು."

"ಅದು ನಿಮ್ಮೂರ ಹಬ್ಬದಲ್ಲಿ ನಿಂತ್ಕೊಂಡು ತೆಂಗಿನಕಾಯಿಗೆ ಗುರಿ ಹೊಡೆಯೋವಾಗ. ಇಲ್ಲಿ ರೈಫಲನ್ನ ಮರಳಿನ ಚೀಲಾನೇ ಹಿಡ್ಕೊಂಡಿದೆಯಲ್ಲ, ನೀನು ಬರೀ ಟ್ರಿಗರ್ ಮುಟ್ಟು."

ಅಜ್ಜ ಕಲಿಸಿದ ಹಿಡಿತ ಬಿಡಲು ಕೈ ಕೇಳಲಿಲ್ಲ. ಹಟ ಮಾಡಿ ಬಿಟ್ಟೆ. ಮುಂದಿನ ಐದೂ ಗುಂಡುಗಳು ಒಂದು ಪೂರಿಯಡಿ ಮುಚ್ಚಿಹೋಗುವಷ್ಟು ಒತ್ತಾಗಿ ಬಿದ್ದವು.

ಆ ಗುರಿಹಾಳೆ ಈಗ ನಮ್ಮ ಫ್ರಿಜ್ ಬಾಗಿಲ ಮೇಲಿದೆ. ಪೂರಿ ಇಡ್ಲಿಯಷ್ಟಾಗುವ ತನಕ ರೈಫಲ್ ಬದಲಾಯಿಸುವ ಮಾತೇ ಇಲ್ಲ.