ಹಾಡುಗಾರ ಅಳುವ ಜಾಗ

ಶಲವಡಿಯ ನಮ್ಮ ಓಣಿಯ ಟೇಲರ್ ಕಾಕಾಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಅವರ ಅಂಗಡಿಯಲ್ಲಿ ದಿನವಿಡೀ ಹಾಡುತ್ತಿದ್ದುದು ಒಂದೇ ಒಂದು ಹಳೆಯ ಇಂಗ್ಲಿಷ್ ರಾಕ್ ಕ್ಯಾಸೆಟ್. ಎರಡನೆಯ ಹಾಡಿನ ನಡುವೆ ಟೇಪು ಜಗ್ಗಿಹೋಗಿ, ಹಾಡುಗಾರನ ದನಿ ಒಮ್ಮೆಲೇ ಕುಸಿದು ನಡುಗುತ್ತಿತ್ತು. ಆ ಜಾಗ ಬಂದೊಡನೆ ಕಾಕಾ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದು, ಕೈ ಎತ್ತಿ ಗಿರಾಕಿಗಳನ್ನು ಸುಮ್ಮನಿರಿಸುತ್ತಿದ್ದರು.

"ಈಗ ಅಳ್ತಾನ, ಕೇಳ್ರಿ."

ಜಂಪರ್ ಹೊಲಿಸಲು ಬಂದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಅವೇ ಹಾಡುಗಳ ಕರಕರ ಸದ್ದೆಲ್ಲ ತೆಗೆದು ಸ್ವಚ್ಛ ಮಾಡಿದ ಸಿ.ಡಿ. ಬಂದಾಗ, ಮುಂಬೈಯಲ್ಲಿದ್ದ ನಮ್ಮ ಭಾವ ಅದನ್ನು ಕ್ಯಾಸೆಟ್ಟಿಗೆ ತುಂಬಿ ಕಳಿಸಿದರು. ನಾನು ಉಮೇದಿನಿಂದ ಒಯ್ದು ಕಾಕಾಗೆ ಕೊಟ್ಟೆ. ಎರಡನೆಯ ಹಾಡು ಬಂತು. ಅವರು ಕಾಲು ತೆಗೆದರು, ಕೈ ಎತ್ತಿದರು. ಹಾಡುಗಾರ ಗಟ್ಟಿ ದನಿಯಲ್ಲಿ ಆ ಜಾಗವನ್ನು ದಾಟಿಯೇ ಬಿಟ್ಟ.

ಎತ್ತಿದ ಕೈ ಹಾಗೆಯೇ ನಿಂತಿತು. ಆ ಅಳು ಬರೀ ಹಳೆಯ ಟೇಪಿನ ದೋಷವಾಗಿತ್ತೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮುಖ ಅರಳಿತು.

"ಅಗದಿ ಛಲೋ ಆತ್ರಿ," ಎಂದರು. "ಪಾಪ, ಏನ್ ದುಃಖ ಇತ್ತೋ ಏನೋ, ಕಡೀಕ ಸುಧಾರಿಸ್ಕೊಂಡ. ಕುಂದರ್ರಿ, ಎಲ್ಲಾರಿಗೂ ಚಾ ತರ್ತೀನಿ."