ಹಿಂದಕ್ಕೆ ನಡೆಯುವ ಆನೆ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮುಲುಂಡ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡೆ. ಗುರುತಿಲ್ಲದ ಇಬ್ಬರು ಹೆಂಗಸರು ತಮ್ಮ ಲೋಕಲ್ ರೈಲು ಬಿಟ್ಟು ನನ್ನನ್ನು ರಿಕ್ಷಾಕ್ಕೆ ಹತ್ತಿಸಿ ಆಸ್ಪತ್ರೆಯವರೆಗೂ ಬಂದರು. ಅವರ ಮುಖ ಈಗ ನೆನಪಿಗೆ ಬರುವುದಿಲ್ಲ. ಒಬ್ಬರ ಕೈಚೀಲದಿಂದ ಮೆಂತ್ಯ ಸೊಪ್ಪಿನ ಕಟ್ಟು ಇಣುಕುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಪ್ಲಾಸ್ಟರ್ ಹಾಕಿದ ಡಾಕ್ಟರು ಮನೆ ಬಿಟ್ಟು ಕದಲಬೇಡಿ ಎಂದರು. ನಮ್ಮದು ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ಮೂರನೇ ಮಹಡಿ. ಅವರು ಹೇಳದಿದ್ದರೂ ನಾನು ಕದಲುವ ಹಾಗಿರಲಿಲ್ಲ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಧಾರವಾಡದಿಂದ ಕರೆತಂದಿದ್ದೆ. ನಾನು ಬೆಳಿಗ್ಗೆ ಗೋರೆಗಾಂವ್‌ನ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಷ್ಟು ಹೊತ್ತೂ ಅವಳು ಹೇಗೆ ಕಳೆಯುತ್ತಾಳೆ ಎಂಬುದನ್ನು ನಾನು ನೋಡಿದ್ದು ಕಾಲು ಮುರಿದುಕೊಂಡ ಮೇಲೆಯೇ. ಕಿಟಕಿಯ ಹತ್ತಿರ ಕೂರುತ್ತಿದ್ದಳು. ಎದ್ದು ನೀರು ಕುಡಿದು ಮತ್ತೆ ಅಲ್ಲಿಯೇ ಬಂದು ಕೂರುತ್ತಿದ್ದಳು. ಹಿಂದಿ ಬಾರದು, ಮರಾಠಿ ಬಾರದು. ಎದುರು ಸಿಕ್ಕವರಿಗೆ ನಕ್ಕು ತಲೆಯಾಡಿಸುವುದಷ್ಟೇ ಅವಳ ಮುಂಬಯಿ.

ಮೊದಲ ವಾರವೇ ಆಫೀಸಿನ ಗೆಳತಿ ನೋಡಲು ಬಂದಳು. ಅವಳ ಅಪ್ಪ ಅಮ್ಮ ಉಡುಪಿ ಕಡೆಯವರು. ಅವಳು ಹುಟ್ಟಿ ಬೆಳೆದದ್ದು ಮಾಟುಂಗದಲ್ಲಿ. ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಧಾರಾವಾಹಿ ನೋಡುತ್ತಿದ್ದ ನನ್ನನ್ನು ಕಂಡು ಮುಖ ಕಿವಿಚಿದಳು.

"ಅಕ್ಕಾ, ಸೀರಿಯಲ್ ನೋಡಿ ನೋಡಿ ಬೋರ್ ಆಗಲ್ವಾ? ಇದು ಟ್ರೈ ಮಾಡಿ. ನಾನು ಸಂಡೇ ಸಂಡೇ ಇದ್ರಲ್ಲೇ ಗೇಮ್ ಮಾಡೋದು. ಬಹುತ್ ಮಜಾ ಆತಾ ಹೈ."

"ಗೇಮ್ ಆಡೋದಾ?"

"ಆಡೋದಲ್ಲ ಅಕ್ಕಾ, ಮಾಡೋದು. ನೀವೇ."

ಅವಳು ತೆರೆದು ತೋರಿಸಿದ್ದು ಫ್ಯಾಂಟಸಿ ಕನ್ಸೋಲ್. ನಾವು ಚಿಕ್ಕವರಿದ್ದಾಗ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮ್ ಡಬ್ಬಿ ಇತ್ತಲ್ಲ, ಅಂಥದ್ದೇ ಒಂದು ಯಂತ್ರ. ಆದರೆ ಇದನ್ನು ಯಾವ ಕಾರ್ಖಾನೆಯೂ ತಯಾರಿಸಿಲ್ಲ, ಕಂಪ್ಯೂಟರಿನ ಒಳಗಷ್ಟೇ ಇರುತ್ತದೆ. ಪುಟ್ಟ ಪರದೆ, ಬೆರಳೆಣಿಕೆಯಷ್ಟು ಬಣ್ಣ, ಕೀಂ ಕೀಂ ಎನ್ನುವ ಸದ್ದು. ಬೇಕೆಂದೇ ಎಲ್ಲವನ್ನೂ ಕಡಿಮೆ ಇಟ್ಟಿದ್ದಾರೆ. ಅದರೊಳಗೇ ಕೋಡ್ ಬರೆಯಬಹುದು, ಚಿತ್ರ ಬಿಡಿಸಬಹುದು, ಗೇಮ್ ನಡೆಸಿ ನೋಡಬಹುದು. ಲೆಕ್ಕಪತ್ರ ವಿಭಾಗದಲ್ಲಿ ಕೂದಲು ನೆರೆಸಿಕೊಂಡ ನನಗೆ ಕೋಡ್ ಎಂದರೆ ಏನೆಂದೇ ತಿಳಿದಿರಲಿಲ್ಲ. ಗೆಳತಿ ಕೆಲವು ಸಾಲು ಬರೆದು ತೋರಿಸಿ, ಡೌಟ್ ಬಂದರೆ ಫೋನ್ ಮಾಡಿ ಎಂದು ಹೇಳಿ ಹೋದಳು.

ಮರುದಿನ ಮಧ್ಯಾಹ್ನ ನಾನೇ ಸಾಲುಗಳನ್ನು ಬರೆದು ಒಂದು ಬಿಳಿ ಚುಕ್ಕೆ ಮೂಡಿಸಿದೆ. ಬಲಕ್ಕೆ ಒತ್ತಿದರೆ ಬಲಕ್ಕೆ ಹೋಗಬೇಕು. ಒತ್ತಿದೆ. ಹೋಯಿತು! ಆದರೆ ಹೋದ ದಾರಿಯುದ್ದಕ್ಕೂ ಬಿಳಿ ಗೆರೆ ಬಿಟ್ಟುಕೊಂಡು ಹೋಯಿತು. ಹಿಂದೆ ನಿಂತು ನೋಡುತ್ತಿದ್ದ ಅವ್ವ, "ಛಲೋ ಆತಲ್ಲ, ಗೆರಿ ಎಳಿಯಾಕ ಬಂತು," ಎಂದಳು. ಗೆಳತಿಗೆ ಫೋನ್ ಮಾಡಿದರೆ ಅವಳು ನಕ್ಕಳು. "ಎಲ್ರಿಗೂ ಫಸ್ಟ್ ಹಾಗೇ ಆಗೋದು ಅಕ್ಕಾ. ಪ್ರತಿ ಸಲ ಸ್ಕ್ರೀನ್ ಸಾಫ್ ಮಾಡಿ ಆಮೇಲೆ ಚುಕ್ಕೆ ಹಾಕ್ಬೇಕು." ಒಂದೇ ಪದದ ಸಾಲು ಸೇರಿಸಿದೆ. ಚುಕ್ಕೆ ಗೆರೆ ಬಿಡದೆ ಓಡಾಡತೊಡಗಿತು. ಆ ಹೊತ್ತಿನ ಖುಷಿಯನ್ನು ಹೇಗೆ ಹೇಳಲಿ! ಮಂಚದಿಂದ ಬಚ್ಚಲಿಗೆ ಹೋಗಲು ಅವ್ವನ ಹೆಗಲು ಬೇಕಿದ್ದ ನಾನು, ಪರದೆಯ ತುಂಬ ಮನಸ್ಸಿಗೆ ಬಂದ ಕಡೆ ಓಡುತ್ತಿದ್ದೆ.

ಇನ್ನು ಗೇಮ್ ಯಾವುದರ ಬಗ್ಗೆ? ಅದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ಅಕ್ಟೋಬರಿನ ಬಿಸಿಲು ಶುರುವಾಗಿ ಎಲ್ಲ ಮಹಡಿಯವರೂ ಕಿಟಕಿಯ ಹೊರಗೆ ಬಟ್ಟೆ ಒಣಹಾಕುತ್ತಿದ್ದರು. ಗಾಳಿ ಬೀಸಿದರೆ ಯಾರದೋ ಟವೆಲ್, ಯಾರದೋ ಲಂಗ ಕೆಳಗೆ ಹಾರುತ್ತಿತ್ತು. ಎಲ್ಲವೂ ಹೋಗಿ ಬೀಳುತ್ತಿದ್ದದ್ದು ನೆಲಮಹಡಿಯ ಕಾಕೂ ಮನೆಯ ತಗಡಿನ ಚಪ್ಪರದ ಮೇಲೆ. ಕಾಕೂ ಎಂದರೆ ಅವ್ವನ ವಯಸ್ಸಿನ ಮರಾಠಿ ಹೆಂಗಸು. ಆಕೆ ಕೋಲಿನಿಂದ ಬಟ್ಟೆ ಇಳಿಸಿ, ಮಡಚಿ, ಬೈದುಕೊಳ್ಳುತ್ತ ಆಯಾ ಮನೆಗೆ ಕಳಿಸುತ್ತಿದ್ದರು. ಅದೇ ನನ್ನ ಗೇಮ್ ಆಯಿತು: ಮೇಲಿಂದ ಬಟ್ಟೆ ಬೀಳುತ್ತವೆ, ಕೆಳಗೆ ಒಂದು ಬೆಕ್ಕು ಓಡಾಡಿ ಹಿಡಿಯಬೇಕು.

ತೊಂದರೆಯಾದದ್ದು ಬೆಕ್ಕಿನಿಂದ. ಚಿತ್ರ ಬಿಡಿಸಲು ಅಲ್ಲಿ ಚೌಕುಳಿಯ ಪಟ್ಟಿ ಇರುತ್ತದೆ. ಒಂದೊಂದೇ ಮನೆಗೆ ಬಣ್ಣ ತುಂಬುತ್ತ ಹೋಗಬೇಕು. ನಾನು ಎಷ್ಟು ಹೆಣಗಿದರೂ ಬೆಕ್ಕು ಬೆಕ್ಕಾಗಲಿಲ್ಲ.

ಅವ್ವ ಬಗ್ಗಿ ನೋಡಿದಳು. "ಇದೇನವಾ, ಚಾದ ಕಿಟ್ಲಿ ಬರ್ದೀ ಏನು?"

"ಬೆಕ್ಕು ಅವ್ವಾ."

"ಬೆಕ್ಕ?" ಇನ್ನೂ ಹತ್ತಿರ ಬಗ್ಗಿದಳು. ಆಮೇಲೆ ಬೆರಳನ್ನು ಪರದೆಗೆ ಮುಟ್ಟಿಸಿ ನಿಧಾನವಾಗಿ ಕೇಳಿದಳು. "ಈ ಮನಿ ಎಲ್ಲಾ ಎಣಿಸಿ ತುಂಬೂದನ? ಕಸೂತಿಯಂಗ?"

ಅವ್ವ ಮದುವೆಗೆ ಮೊದಲಿನಿಂದಲೂ ಕಸೂತಿ ಹಾಕುತ್ತಿದ್ದವಳು. ಇಳಕಲ್ ಸೀರೆಯ ಸೆರಗಿನಲ್ಲಿ ಎಳೆ ಎಣಿಸಿ ಎಣಿಸಿ ಗೋಪುರ, ನವಿಲು, ತುಳಸಿಕಟ್ಟೆ ಮೂಡಿಸುತ್ತಿದ್ದಳು. ಬಟ್ಟೆಯ ಮೇಲೆ ಮೊದಲು ಗೀಚಿಕೊಳ್ಳುವ ರೂಢಿಯೇ ಇಲ್ಲ. ಕಣ್ಣಿನ ಒಳಪರದೆ ಸವೆದು ಸಣ್ಣದು ಕಾಣದಾದ ಮೇಲೆ ಸೂಜಿ ಕೆಳಗಿಟ್ಟಿದ್ದಳು. ಆ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

"ನಿನಗ ಇದು ಕಾಣಸ್ತೈತೇನ ಅವ್ವಾ?"

"ಕಾಣದ ಏನು! ಒಂದೊಂದ ಮನಿ ಅವರಿಕಾಳಿನಷ್ಟ ಅದಾವ."

ಅವಳ ಕೈಗೆ ಮೌಸ್ ಕೊಟ್ಟೆ. ಮೊದಲಿಗೆ ಬಾಣದ ಗುರುತು ಪರದೆಯ ಮೂಲೆಗೆ ಓಡಿ ಅಡಗಿಕೊಂಡಿತು. ಕೈ ನಡುಗುತ್ತಿತ್ತು. ಆದರೆ ಚೌಕದೊಳಗೆ ಎಲ್ಲಿ ಒತ್ತಿದರೂ ಇಡೀ ಚೌಕ ತುಂಬಿಕೊಳ್ಳುತ್ತದೆ. ನಡುಕ ಲೆಕ್ಕಕ್ಕೇ ಬರುವುದಿಲ್ಲ. ಅದು ಗೊತ್ತಾದ ಕೂಡಲೆ ಅವಳಿಗೆ ಧೈರ್ಯ ಬಂತು. ಬಾಯಲ್ಲಿ ಮನೆ ಎಣಿಸುತ್ತ, ತಪ್ಪಿದರೆ "ಬಿಚ್ಚು, ಬಿಚ್ಚು" ಎಂದು ನನ್ನಿಂದ ಅಳಿಸಿ ಹಾಕಿಸುತ್ತ ಕೂತಳು. ಅಡುಗೆಮನೆಯಲ್ಲಿ ಬೇಳೆ ತಳ ಹತ್ತಿದ ವಾಸನೆ ಬಂದಾಗ ಇಬ್ಬರಿಗೂ ಎಚ್ಚರವಾಯಿತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಆನೆ ನಿಂತಿತ್ತು. ಸೊಂಡಿಲು ಮೇಲೆತ್ತಿದ, ಬೆನ್ನ ಮೇಲೆ ಕೆಂಪು ಜೂಲು ಹೊದ್ದ ಪುಟ್ಟ ಆನೆ. ಬೆಕ್ಕು ಬೇಕೆಂದಿದ್ದೆ, ನಿಜ. ಆ ಆನೆಯನ್ನು ನೋಡಿದ ಮೇಲೆ ಬೆಕ್ಕಿನ ಮಾತೆತ್ತಲು ಮನಸ್ಸಾಗಲಿಲ್ಲ.

ಒಂದು ದೋಷವಿತ್ತು. ಆನೆಯ ಮುಖ ಬಲಕ್ಕಿತ್ತು. ಬಲಕ್ಕೆ ಓಡಿಸಿದರೆ ಸರಿ. ಎಡಕ್ಕೆ ಒತ್ತಿದರೆ ಮುಖ ಬಲಕ್ಕೇ ಇಟ್ಟುಕೊಂಡು ಹಿಂದಹಿಂದಕ್ಕೆ ನಡೆಯುತ್ತಿತ್ತು. ಸರಿಪಡಿಸುವುದು ನನಗೆ ಗೊತ್ತಿರಲಿಲ್ಲ. ಹಾಗೆಯೇ ಆಡುತ್ತಿದ್ದೆವು.

ಒಂದು ಸಂಜೆ ಕಾಕೂ ಬಾಗಿಲು ಬಡಿದರು. ಕೈಯಲ್ಲಿ ಮಡಚಿದ ಅವ್ವನ ಸೀರೆ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಕುಳಿತು ನೀರು ಕುಡಿಯುವಾಗ ಪರದೆ ಕಣ್ಣಿಗೆ ಬಿತ್ತು. ಬಟ್ಟೆ ಬೀಳುವುದು, ಕೆಳಗೆ ಹಿಡಿಯುವುದು. ವಿವರಿಸುವ ಮೊದಲೇ ಅವರಿಗೆ ಅರ್ಥವಾಯಿತು. "ಅರೆ, ಹೇ ತರ್ ಮಾಝಂಚ್ ಘರ್!" ಎಂದು ಕೂಗಿದರು. ಇದು ನನ್ನದೇ ಮನೆಯಲ್ಲವೇ ಎಂದು. ಕೋಪ ಬಂತೇನೋ ಎಂದು ನಾನು ಹೆದರಿದೆ. ಅವರು ಆಗಲೇ ಕೀಲಿಮಣೆಗೆ ಕೈ ಹಾಕಿದ್ದರು. ಬಲಕ್ಕೆ, ಎಡಕ್ಕೆ. ಆನೆ ಹಿಂದಕ್ಕೆ ನಡೆದದ್ದನ್ನು ಕಂಡು ಅವ್ವನ ಕಡೆ ತಿರುಗಿ ಕೇಳಿದರು. "ಹಾ ಹತ್ತೀ ಉಲ್ಟಾ ಕಾ ಚಾಲತೋ?"

ಅವ್ವನಿಗೆ ಕೇಳಿಸಿದ್ದು ಹತ್ತಿ ಎಂಬ ಮಾತೊಂದೇ. "ಹತ್ತಿ ಎಲ್ಲೈತಿ ಇದರಾಗ? ಇದು ಆನಿ!" ಎಂದಳು. ಕಾಕೂ "ಹೋ, ಹತ್ತೀ" ಎಂದು ಆನೆಯನ್ನು ತೋರಿಸಿದರು. ಅವ್ವ ಕೈಯಲ್ಲಿ ನೂಲು ತೆಗೆಯುವ ಸನ್ನೆ ಮಾಡಿ, ದಿಂಬು ಹಿಚುಕಿ ತೋರಿಸಿ, "ಹತ್ತಿ ಅಂದ್ರ ಇದು!" ಎಂದು ಜೋರು ಮಾಡಿದಳು. ಮರಾಠಿಯಲ್ಲಿ ಆನೆಗೆ ಹತ್ತೀ ಎನ್ನುತ್ತಾರೆ ಎಂದು ನಾನು ಬಿಡಿಸಿ ಹೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವ್ವ ಅಷ್ಟು ನಕ್ಕದ್ದನ್ನು ಈ ಮನೆಯಲ್ಲಿ ನಾನು ನೋಡಿರಲಿಲ್ಲ.

ಅಂದಿನಿಂದ ಕಾಕೂ ಬಟ್ಟೆ ಬೀಳದಿದ್ದರೂ ಬರತೊಡಗಿದರು. ಗೆಳತಿಯನ್ನು ಕೇಳಿ ಚಿತ್ರ ತಿರುಗಿಸುವುದನ್ನು ಕಲಿತು, ಆನೆ ಎಡಕ್ಕೆ ಹೋಗುವಾಗ ಎಡಕ್ಕೇ ನೋಡುವಂತೆ ಮಾಡಿದೆ. ಹೆಮ್ಮೆಯಿಂದ ಇಬ್ಬರಿಗೂ ತೋರಿಸಿದೆ. ಅವರು ಮುಖ ಮುಖ ನೋಡಿಕೊಂಡರು.

"ಮೊದ್ಲಿನದ ಛಂದಿತ್ತು," ಎಂದಳು ಅವ್ವ.

ಕಾಕೂಗೆ ಮಾತು ಅರ್ಥವಾಗದಿದ್ದರೂ ತಲೆಯಾಡಿಸಿ ಒಪ್ಪಿದರು. ಮತ್ತೆ ಹಿಂದಕ್ಕೆ ನಡೆಸಿದೆ.

ಪ್ಲಾಸ್ಟರ್ ಬಿಚ್ಚಿ ನಾನು ಆಫೀಸಿಗೆ ಹೋಗತೊಡಗಿದ ಮೇಲೆ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಹೋಗುವುದು ರೂಢಿಯಾಯಿತು. ಒಂದು ದಿನ ಬಂದಾಗ ಅವ್ವ ಪರದೆಯ ಮುಂದೆ ಕೂತು ಮನೆ ಎಣಿಸಿ ಹೇಳುತ್ತಿದ್ದಳು. ಪಕ್ಕದಲ್ಲಿ ಕಾಕೂ ಎಳೆ ಎಣಿಸಲು ಬರುವಂಥ ದೊಡ್ಡ ಕಣ್ಣಿನ ನೇಯ್ಗೆಯ ಬಿಳಿ ಬಟ್ಟೆಯ ಮೇಲೆ ಹೊಲಿಯುತ್ತಿದ್ದರು. ಅವ್ವ ಕನ್ನಡದಲ್ಲಿ ಎಣಿಸಿ ಬೆರಳು ತೋರಿಸಿದರೆ ಕಾಕೂ ಅದನ್ನೇ ಮರಾಠಿಯಲ್ಲಿ ಒಮ್ಮೆ ಹೇಳಿಕೊಂಡು ಸೂಜಿ ಹಾಕುತ್ತಿದ್ದರು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತೆ. ಅವ್ವನ ಆನೆ ಮತ್ತೆ ಬಟ್ಟೆಯ ಮೇಲೆ ಬರುತ್ತಿತ್ತು, ಬೇರೊಬ್ಬರ ಕೈಯಿಂದ.

ಕಾಕೂ ಮುಗಿಸಿ ತಂದ ದಿನ ಅವ್ವ ಬಟ್ಟೆಯನ್ನು ಮಗುಚಿ ಹಿಂಬದಿಯ ಮೇಲೆ ಬೆರಳಾಡಿಸಿದಳು. ಕಸೂತಿಯಲ್ಲಿ ಎರಡೂ ಬದಿ ಒಂದೇ ಥರ ಇರಬೇಕು, ಗಂಟು ಕಾಣಬಾರದು. ಇದರಲ್ಲಿ ಗಂಟೇ ಗಂಟು. ಕಾಕೂ ಉಸಿರು ಬಿಗಿಹಿಡಿದು ಕೂತಿದ್ದರು.

"ಮೊದಲನೇದು ಹಿಂಗ ಇರತೈತಿ. ನಂದೂ ಹಿಂಗ ಇತ್ತು. ಹೇಳು ಆಕಿಗೆ," ಎಂದಳು ಅವ್ವ.

ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಕಾಕೂ ಅವ್ವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಿಡದೆ, ಮುಂದಿನದು ನವಿಲು ಬೇಕು ಎಂದರು.

ನಾನು ಮಾಡಿದ್ದು ಬಹಳ ಸಣ್ಣ ಗೇಮ್. ಒಂದು ಹಂತ ದಾಟಿದರೆ ಮುಂದೇನೂ ಇಲ್ಲ. ಇಷ್ಟಕ್ಕೇ ಇಷ್ಟೆಲ್ಲ ಸಿಕ್ಕಿತಲ್ಲ ಎಂದು ಆಗಾಗ ಅನಿಸುತ್ತದೆ. ಪುಟ್ಟ ಪರದೆಗೆ ಅಷ್ಟು ದೊಡ್ಡ ಚೌಕ ಇಟ್ಟವರು ಯಾರೋ, ಎಲ್ಲಿಯವರೋ ಗೊತ್ತಿಲ್ಲ. ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಗೆಳತಿಗೆ ಮಾತ್ರ ಎದುರೇ ಹೇಳಿದೆ. ಅವಳು "ಅಯ್ಯೋ, ಏನಕ್ಕಾ ನೀವು ಸೆಂಟಿ ಆಗ್ತೀರಿ," ಎಂದು ಕಣ್ಣು ಒರೆಸಿಕೊಂಡಳು. ಬರುವ ಭಾನುವಾರ ಅವಳು ಮನೆಗೆ ಊಟಕ್ಕೆ ಬರುತ್ತಿದ್ದಾಳೆ. ನವಿಲಿನ ಗರಿಗೆ ಕನ್ಸೋಲಿನ ಬಣ್ಣ ಸಾಲುತ್ತಿಲ್ಲವೆಂದು ಅವ್ವ ಅವಳ ಹತ್ತಿರ ಜಗಳ ಕಾಯುವವಳಿದ್ದಾಳೆ.